ಪದ ಪರಿಚಯ: ಗುಜರಿ

ಗುಜರಿಗೂ ಗುಜರಾತಿಗೂ ನಂಟಿಲ್ಲ. ಪದದ ಬೇರು ಪಾರಸಿಯಲ್ಲಿದೆ. ‘ಗುಜರ್’ ಎಂದರೆ ಹಾದುಹೋಗುವುದು, ಹಾದಿ. ಜನ ಓಡಾಡುವ ರಸ್ತೆಬದಿಯಲ್ಲಿ ಇಳಿಹೊತ್ತಿಗೆ ಕೂಡುವ ಸಂತೆಗೆ ಹಿಂದೂಸ್ತಾನಿಯಲ್ಲಿ ‘ಗುಜ್ರಿ’ ಎಂದು ಹೆಸರು. ಕನ್ನಡಕ್ಕೆ ಬಂದ ಪದ ಸಂತೆಯನ್ನು ಬಿಟ್ಟು ಹಳೆಯ ಸಾಮಾನಿಗೆ ಅಂಟಿಕೊಂಡಿತು. ಅರ್ಜಿ ‘ಗುಜರಾಯಿಸುವುದು’ ಕೂಡ ಇದೇ ಬೇರಿನ ಮಾತು. ಒಂದು ಸಾಹೇಬರ ಮೇಜು ಹತ್ತಿತು, ಇನ್ನೊಂದು ಬೀದಿಯಲ್ಲೇ ಉಳಿಯಿತು.

ಬೆಂಗಳೂರಿನ ಜಯನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಗುಜರಿ ಅಂಗಡಿಯವರು ರದ್ದಿ, ಕಬ್ಬಿಣ, ಬಾಟಲಿಗಳನ್ನು ಕೊಳ್ಳುತ್ತಾರೆ. ಆದರೆ ಜೆ.ಪಿ. ನಗರದ, ಬಿಟಿಎಂ ಲೇಔಟಿನ ದೊಡ್ಡ ಕಂಪನಿಗಳು ಹಳೆಯ ಕಂಪ್ಯೂಟರುಗಳನ್ನೂ ಹಾಗೆಯೇ ‘ಗುಜರಿಗೆ ಹಾಕು’ವಂತಿಲ್ಲ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ, ವರ್ಷದಲ್ಲಿ ಯಾವಾಗಲಾದರೂ ಪಟ್ಟಿಯಲ್ಲಿರುವ ಕನಿಷ್ಠ 1,000 ಉಪಕರಣ ಬಳಸಿದ ಸಂಸ್ಥೆಯು ಕೆಟ್ಟದ್ದನ್ನು ನೋಂದಾಯಿತ ಉತ್ಪಾದಕರಿಗೆ, ನವೀಕರಿಸುವವರಿಗೆ ಇಲ್ಲವೇ ಮರುಬಳಕೆ ಘಟಕಕ್ಕೆ ಮಾತ್ರ ಒಪ್ಪಿಸಬೇಕು. ತಮ್ಮ ಬ್ರಾಂಡಿನಲ್ಲಿ ಮಾರುವ ಉತ್ಪಾದಕರ ಹೊಣೆ ಇನ್ನೂ ಭಾರ: ಮಾರಿದ ಸರಕಿನಿಂದ ಹುಟ್ಟುವುದೆಂದು ಲೆಕ್ಕಹಾಕಿದ ತ್ಯಾಜ್ಯದ ಶೇ. 70ರಷ್ಟು 2025-26ರಲ್ಲಿ ಮರುಬಳಕೆಯಾಗಬೇಕು, ವರದಿಯನ್ನೂ ಗುಜರಾಯಿಸಬೇಕು!

ಕಾರಣವಿದೆ. ಸರ್ಕ್ಯೂಟ್ ಬೋರ್ಡಿನ ಚಿನ್ನ, ತಾಮ್ರಕ್ಕಾಗಿ ಅದನ್ನು ಆಮ್ಲದಲ್ಲಿ ಅದ್ದಿದರೆ, ವೈರು ಸುಟ್ಟರೆ, ಸೀಸವೂ ವಿಷದ ಹೊಗೆಯೂ ಕೆಲಸಗಾರನ ಮೈ ಸೇರುತ್ತವೆ.

ನೆಲಮಂಗಲದಾಚೆ ದಾಬಸ್‌ಪೇಟೆಯ ಇ-ಪರಿಸರ ಎಂಬ ಘಟಕ 2005ರಿಂದ ಇ-ತ್ಯಾಜ್ಯ ಮರುಬಳಕೆಯ ಕಸುಬಿನಲ್ಲಿದೆ. ಕಚೇರಿಯ ಕಡತದಲ್ಲಿ ‘ಗುಜರಿ’ ಎಂದು ಷರಾ ಬರೆಯುವ ಮುನ್ನ, ಕೊಳ್ಳಲು ಬಂದವರ ನೋಂದಣಿ ಪತ್ರ ಕೇಳಿ.