ಶರದೃತುವಿನಲ್ಲಿ ಮಲೆಯ ಹಾದಿ

ಮಲೆಯ ಮಹದೇಶ್ವರರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. 14ನೆಯ ಶತಮಾನದಿಂದ 16ನೆಯ ಶತಮಾನದವರೆಗೆ ಒಬ್ಬೊಬ್ಬರು ಒಂದೊಂದು ಕಾಲವನ್ನು ಸೂಚಿಸಿರುವರು. ಆ ಚರ್ಚೆ ಹಾಗಿರಲಿ. ದೀಪಾವಳಿ ಸಮೀಪಿಸಿತೆಂದರೆ ಕೊಳ್ಳೇಗಾಲ, ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಗಳ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೊರಡುವರು. ಅಜ್ಜ ಹೊತ್ತ ಹರಕೆಯನ್ನು ಮೊಮ್ಮಗ ಸಲ್ಲಿಸುವುದುಂಟು. ಹೋದ ವರ್ಷ ಹುಟ್ಟಿದ ಕೂಸಿನ ಮುಡಿಯನ್ನು ಈ ವರ್ಷ ಅಲ್ಲಿ ತೆಗೆಸುವುದುಂಟು. ವರ್ಷವರ್ಷವೂ ನಡೆಯುವ ಈ ಪಯಣವನ್ನು ಕೇವಲ ಭಕ್ತಿಯ ರೂಢಿಯೆಂದು ತಿಳಿದರೆ ಸಾಲದು. ಶಾಸನಗಳು ಹೇಳದಿರುವ ಎಷ್ಟೋ ಸಂಗತಿಗಳು ಈ ಹಾದಿಯಲ್ಲಿ ಉಳಿದುಬಂದಿವೆ.

ಹಳೆಯ ಹಾದಿ ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟಕ್ಕೆ ಬರುತ್ತದೆ. ಅಲ್ಲಿ ತೆಂಗಿನಕಾಯಿ ಒಡೆದು ಭಕ್ತರು ಮಲೆಯನ್ನು ಏರತೊಡಗುವರು. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂಬ ಏಳುಮಲೆಗಳ ಹೆಸರನ್ನು ಮಕ್ಕಳು ಪುಸ್ತಕದಿಂದ ಕಲಿಯುವವರಲ್ಲ. ನಡೆಯುತ್ತ, ದಣಿಯುತ್ತ, ‘ಉಘೇ ಮಾದಪ್ಪ’ ಎಂದು ಕೂಗುತ್ತ ಹಿರಿಯರ ಬಾಯಿಂದ ಕಲಿಯುವರು. ಆನೆತಲೆ ದಿಂಬದಲ್ಲಿ ಕುಳಿತು ದಣಿವಾರಿಸಿಕೊಳ್ಳುವಾಗ ಅಜ್ಜಿ ಸಂಕಮ್ಮನ ಕಥೆಯನ್ನು ಹೇಳಿದರೆ ಆ ಮಗುವಿಗೆ ಕಥೆಯೂ ಸ್ಥಳವೂ ಒಂದೇ ಆಗಿಬಿಡುತ್ತವೆ.

ಈ ಕಥೆಗಳನ್ನು ಕಾಪಾಡಿದವರು ಕಂಸಾಳೆಯ ದೇವರಗುಡ್ಡರು. ಮನೆಯ ಒಬ್ಬ ಮಗನನ್ನು ಮಾದಪ್ಪನ ಗುಡ್ಡನನ್ನಾಗಿ ಬಿಡುವೆವೆಂದು ಹರಸಿಕೊಳ್ಳುವ ಪದ್ಧತಿಯಿಂದ ಈ ಪರಂಪರೆ ಬೆಳೆಯಿತು. ಡಾ. ಪಿ.ಕೆ. ರಾಜಶೇಖರ ಅವರು ಈ ಮಹಾಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದಾಗ ನಗರದ ಓದುಗರು ಅದರ ವಿಸ್ತಾರವನ್ನು ಕಂಡು ಬೆರಗಾದರು. ಮುಂದೆ ಹೆಬ್ಬಣಿ ಮಾದಯ್ಯನವರ ತಂಡ ಹಾಡಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಹೊರತಂದಿತು. ಹಳ್ಳಿಯ ಮನೆಗಳಿಗೆ ಮಾತ್ರ ಇದು ಹೊಸ ಸಂಗತಿಯಾಗಿರಲಿಲ್ಲ.

ಈ ಕಾವ್ಯವು ಹೇಳುವುದೇನು? ಮಹದೇಶ್ವರರು ಸುತ್ತೂರು, ಕುಂತೂರು ಮಠಗಳಿಗೆ ಬಂದುದನ್ನೂ ರಾಗಿ ಬೀಸುವ ಕಾಯಕ ಮಾಡಿದುದನ್ನೂ ಅದು ಹಾಡುತ್ತದೆ. ಮಠದ ಪರಂಪರೆಯವರಾದ ನಮಗೆ ಇದು ಅಭಿಮಾನದ ಮಾತು, ನಿಜ. ಆದರೆ ಕಾವ್ಯ ಅಲ್ಲಿಗೇ ನಿಲ್ಲದು. ಸೋಲಿಗರ ಸಂಕಮ್ಮನಿಗೆ ವರವಾಗಿ ಕಾರಯ್ಯ, ಬಿಲ್ಲಯ್ಯರು ಹುಟ್ಟಿದರು. ಆಲಂಬಾಡಿಯ ಜುಂಜೇಗೌಡ ಹಾಲುಮತದವನು, ಗುಡಿಯನ್ನು ಕಟ್ಟಿಸಿದವನು ಆತನೇ. ಪೂಜೆಯ ಹಕ್ಕು ಲಿಂಗಧಾರಿಗಳಾದ ಬೇಡಗಂಪಣ ತಂಬಡಿಗಳದು. ಭಿಕ್ಷೆ ನೀಡದ ಸಿರಿವಂತೆ ಬೇವಿನಹಟ್ಟಿ ಕಾಳಮ್ಮನಿಗೆ ಕಾವ್ಯದಲ್ಲಿ ಕ್ಷಮೆ ಸುಲಭವಾಗಿ ದೊರೆಯದು. ಹೀಗಿರುವಾಗ ಮಾದಪ್ಪನನ್ನು ‘ನಮ್ಮವರೇ, ಬೇರೆಯವರಿಗಲ್ಲ’ ಎಂದು ಬೇಲಿ ಹಾಕುವವರು ನಮ್ಮಲ್ಲಿದ್ದಾರೆ. ಆತ ಬರಿಯ ಕಾಡುದೇವರೆಂದು ವೀರಶೈವದ ಎಳೆಯನ್ನೇ ಅಳಿಸಹೊರಟ ಪಂಡಿತರೂ ಇದ್ದಾರೆ. ಇಬ್ಬರ ವಾದಕ್ಕೂ ಮಲೆಯ ಹಾಡು ಒಪ್ಪುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಬೆಟ್ಟದಲ್ಲಿ ಒಲೆ ಹೂಡಿ ಅಟ್ಟುಣ್ಣುವ ಕುಟುಂಬಗಳ ನಡುವೆ ಒಂದು ರಾತ್ರಿ ಕಳೆದವರಿಗೆ ಇದು ತಾನಾಗಿಯೇ ತಿಳಿಯುತ್ತದೆ.

ರಾಜ್ಯದ ಗಡಿಯೂ ಈ ಪಯಣವನ್ನು ತಡೆಯಲಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷ ನವೆಂಬರ್ 1ರಂದು ಅದು ಮೈಸೂರು ರಾಜ್ಯವನ್ನು ಸೇರಿತು.  ಆದರೂ ಮೆಟ್ಟೂರಿನ ಕಡೆಯ ಮನೆಮಂದಿ ಪಾಲಾರಿನ ಮಾರ್ಗವಾಗಿ ಬರುವುದನ್ನು ಬಿಡಲಿಲ್ಲ. 1993ರ ಏಪ್ರಿಲ್‌ನಲ್ಲಿ ಅದೇ ಪಾಲಾರಿನ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. 2004ರಲ್ಲಿ ಅವನು ಹತನಾಗುವವರೆಗೂ ಈ ಕಾಡು ಅಂಜಿಕೆಯ ಕಾಡಾಗಿತ್ತು. ಹರಕೆಯ ಮನೆಗಳು ಆಗಲೂ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟಕ್ಕೆ ಬಂದವು.

ಇಂದು ಬಸ್ಸು ಗುಡಿಯ ಹತ್ತಿರಕ್ಕೇ ಬರುತ್ತದೆ. ವೃದ್ಧರಿಗೆ, ಬಾಣಂತಿಯರಿಗೆ ಇದು ಮಹದುಪಕಾರ; ಅದನ್ನು ಹಳಿಯುವುದು ಸಲ್ಲದು. ಆದರೆ ಬೆಳಗ್ಗೆ ಬಂದು ಸಂಜೆಗೆ ಮರಳುವ ಮಗುವಿಗೆ ತಾಳಬೆಟ್ಟವೂ ಆನೆತಲೆ ದಿಂಬವೂ ಕಿಟಕಿಯಾಚೆಗಿನ ಮರಗಳಷ್ಟೆ. ಸ್ಥಳದ ಹೆಸರು ಮರೆತರೆ ಹಾಡಿನ ಸಾಲೂ ಅರ್ಥವಾಗದು. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಶಕ್ತರಾದವರು ಮಕ್ಕಳೊಡನೆ ಒಮ್ಮೆಯಾದರೂ ತಾಳಬೆಟ್ಟದಿಂದ ನಡೆದೇ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ. ದಾರಿಯಲ್ಲಿ ಗುಡ್ಡರು ಸಿಕ್ಕಿದರೆ ಅವರ ಹಾಡನ್ನು ಕುಳಿತು ಕೇಳಬೇಕು.

ದೀಪಾವಳಿಯ ಜಾತ್ರೆಯಲ್ಲಿ ತಪ್ಪದೆ ನೋಡಬೇಕಾದುದು ಹಾಲರವಿ ಉತ್ಸವ. ಹರವಿ ಎಂದರೆ ನೀರಿನ ಕೊಡ. ಬೇಡಗಂಪಣರ 101 ಮಂದಿ ಎಳೆಯ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ಕೊಡಗಳಲ್ಲಿ ನೀರನ್ನು ಹೊತ್ತು ತರುವರು. ಸತ್ತಿಗೆ, ಸೂರಪಾನಿ, ವಾದ್ಯಗಳು ಜೊತೆಗಿರುತ್ತವೆ. ಈ ಸೀಮೆಯಲ್ಲಿ ಆಶ್ವಯುಜದ ಮಳೆಯೇ ದೊಡ್ಡ ಮಳೆ. ಹಳ್ಳ ತುಂಬಿ ಹರಿಯುವ, ಬಯಲಿನಲ್ಲಿ ರಾಗಿಯ ತೆನೆ ಬಲಿಯುವ ಹೊತ್ತಿಗೆ ಈ ಉತ್ಸವ ಬರುವುದು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ. ಆ ಮಕ್ಕಳು ಹೊತ್ತು ತಂದ ಹಳ್ಳದ ನೀರಿನಿಂದಲೇ ಮಾದಪ್ಪನಿಗೆ ಅಭಿಷೇಕವಾಗುತ್ತದೆ.