ಅವ್ವನ ಕರ್ಚಿಕಾಯಿ, ತಿಪಟೂರಿನ ಕೊಬ್ಬರಿ

ಇವತ್ತಿನ ಇತಿಹಾಸ ನಮ್ಮ ಅಡುಗೆಮನೆಯದು. ನಾಗರ ಪಂಚಮಿಗೆ ದೇವದುರ್ಗದಲ್ಲಿ ನಮ್ಮವ್ವ ಕರ್ಚಿಕಾಯಿ ಕರೀತಾಳೆ. ಒಳಗೆ ಬೆಲ್ಲ, ಎಳ್ಳು, ಒಣಕೊಬ್ಬರಿ. ಎಳ್ಳು ನಮ್ಮ ಹೊಲದ್ದೇ. ಕೊಬ್ಬರಿ ಮಾತ್ರ ತಿಪಟೂರಿನಂಥ ತೆಂಗಿನ ಸೀಮೆಯದ್ದು. ಹಸಿಕಾಯಿ ಬೇಗ ಕೆಡುತ್ತೆ, ಒಣಗಿದ್ದು ತಿಂಗಳುಗಟ್ಟಲೆ ಇರುತ್ತೆ. ಅದಕ್ಕೇ ರಾಯಚೂರು, ಮಾನ್ವಿಯಂಥ ಬಿಸಿಲೂರುಗಳಿಗೂ ಬಂತು.

ಕನ್ನಡದಲ್ಲಿ ಅಡುಗೆ ಬರೆದಿಡೋದು ಹೊಸದಲ್ಲ. 1508ರ ಸುಮಾರಿಗೇ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಹಿಟ್ಟಿನ ತಿಂಡಿಗಳಿಗೇ ಅದರಲ್ಲಿ ಒಂದು ಅಧ್ಯಾಯ ಇದೆ. ಆದರೆ ಅವ್ವನ ಅಳತೆ ಎಲ್ಲೂ ಬರೆದಿಲ್ಲ. ಕೇಳಿದ್ರೆ, “ಕೈಗೆ ಗೊತ್ತಿರ್ತದ ತಮ್ಮಾ” ಅಂತಾಳೆ.

ಹೋದ ವರ್ಷದಿಂದ ಆ ಕೈ ನಡುಗ್ತಿದೆ. ಈ ಪಂಚಮಿಗೆ ಒಲೆ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡ್ಕೊಂಡೆ. ನಿಮ್ಮನೇಲೂ ಇಂಥ ಕೈ ಇದ್ರೆ, ತಡ ಮಾಡಬೇಡಿ.