ಹಗುರ ಆದ್ರೆ ಸಾಕಾ? 3ಡಿ ಪ್ರಿಂಟ್ ಕೀಲಿನೊಳಗಿನ ಜಾಲರಿ ಲೆಕ್ಕ

ಸೊಂಟದ ಕೀಲು ಬದಲಿಸುವಾಗ ಹಾಕುವ ಟೈಟಾನಿಯಂ, ಮೂಳೆಗಿಂತ ಐದಾರು ಪಟ್ಟು ಬಿಗಿ: ಅದರದ್ದು ಸುಮಾರು 110 ಗಿಗಾಪಾಸ್ಕಲ್, ಗಟ್ಟಿ ಮೂಳೆಯದ್ದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತರೆ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆ ಸವೆಯುತ್ತೆ, ಇಂಪ್ಲಾಂಟ್ ಸಡಿಲವಾಗುತ್ತೆ.

ಇದಕ್ಕೊಂದು ಪರಿಹಾರ ಲ್ಯಾಟಿಸ್, ಅಂದ್ರೆ ಸಣ್ಣ ಕಡ್ಡಿಗಳ ಜಾಲರಿ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಕಟ್ಟುವ 3ಡಿ ಪ್ರಿಂಟಿಂಗ್‌ನಿಂದ ಇಂಥ ಸೂಕ್ಷ್ಮ ಜಾಲರಿ ಮಾಡೋದು ಸುಲಭವಾಯ್ತು. ಮೂಳೆ ಅದರ ರಂಧ್ರಗಳೊಳಗೆ ಬೆಳೆದು ಹಿಡಿದುಕೊಳ್ಳುತ್ತೆ.

ಆದರೆ ಜಾಲರಿಯ ಆಕಾರವೇ ಎಲ್ಲ. ಕಡ್ಡಿಗಳು ಬಾಗುವಂಥ ವಿನ್ಯಾಸದಲ್ಲಿ ಲೋಹವನ್ನು ಅರ್ಧಕ್ಕಿಳಿಸಿದರೆ ಬಿಗಿತ ಕಾಲು ಭಾಗಕ್ಕೆ ಬೀಳುತ್ತೆ. ತ್ರಿಕೋನಗಳಾಗಿ ಹೆಣೆದ ಆಕ್ಟೆಟ್ ಜಾಲರಿಯಲ್ಲಿ ಕಡ್ಡಿಗಳು ಮುಖ್ಯವಾಗಿ ಎಳೆತ, ಒತ್ತಡವನ್ನೇ ಹೊರುವುದರಿಂದ ಬಿಗಿತವೂ ಸುಮಾರು ಅರ್ಧದಷ್ಟೇ ಇಳಿಯುತ್ತೆ. ವಿಮಾನದ ಭಾಗಕ್ಕೆ ಎರಡನೆಯದು ಬೇಕು. ಸೊಂಟಕ್ಕೆ ಮೊದಲನೆಯದೇ ಹೊಂದಬಹುದು. ‘ಹಗುರ, ಆದರೂ ಗಟ್ಟಿ’ ಅನ್ನೋ ಜಾಹೀರಾತಿಗೆ ಈ ವ್ಯತ್ಯಾಸ ಬೇಕಿಲ್ಲ.

ಕಂಪ್ಯೂಟರ್ ಮಾಡೆಲ್ ಸಾಮಾನ್ಯವಾಗಿ ನಯವಾದ ಕಡ್ಡಿಯನ್ನೇ ಊಹಿಸಿಕೊಳ್ಳುತ್ತೆ. ಪ್ರಿಂಟಾಗಿ ಬಂದದ್ದು ಒರಟು. ಒಳಗೆ ಗುಳ್ಳೆ, ಮೈಗಂಟಿದ ಅರೆಕರಗಿದ ಪುಡಿ. ವರ್ಷಕ್ಕೆ ಹತ್ತು ಲಕ್ಷದಷ್ಟು ಹೆಜ್ಜೆ ಬಿದ್ದಾಗ ಬಿರುಕು ಹುಟ್ಟೋದು ಅಲ್ಲೇ. ಹೊರಗಿಂದ ಕಾಣಲ್ಲ, ಸಿಟಿ ಸ್ಕ್ಯಾನ್ ಮಾಡಬೇಕು, ಅದಕ್ಕೂ ದುಡ್ಡು ಬೇಕು.

ಮಂಡಿ ಇಂಪ್ಲಾಂಟ್‌ಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಬೆಲೆ ಮಿತಿ ಹಾಕಿತು, ಒಳ್ಳೆಯದೇ. ಜಾಲರಿ ಎಷ್ಟು ಲಕ್ಷ ಹೆಜ್ಜೆ ತಾಳಿತು ಅನ್ನೋ ಪರೀಕ್ಷಾ ವರದಿಯನ್ನೂ ಬಿಲ್‌ನಷ್ಟೇ ಹಕ್ಕಿನಿಂದ ರೋಗಿ ಕೇಳಬೇಕು.